ಹನ್ನೊಂದನೆಯ ರೋಜಾದ ಹತ್ತು ನಿಮಿಷ

ಮಾರ್ಚ್ ೧೮

ಭಾಯ್,

ನಮಸ್ಕಾರ. ನೀವೂ ಅತ್ತಿಗೆಯವರೂ ಮಗಳ ಮನೆಯಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಗೊತ್ತಿರುವುದರಿಂದ ಕಾಗದ ಬರೆಯುತ್ತಿದ್ದೇನೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಐದು ತಿಂಗಳಾಯಿತು. ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ, ಅದೂ ಒಳ್ಳೆಯದಲ್ಲ.

ಈ ವರ್ಷ ನಾವು ಅಚ್ಚು ಹಾಕಿದ ರಂಜಾನ್ ವೇಳಾಪಟ್ಟಿಯ ಕಾರ್ಡಿನಲ್ಲಿ ತಪ್ಪು ಬಿದ್ದಿದೆ. ಹನ್ನೊಂದನೆಯ ರೋಜಾದ ಸಂಜೆ ಉಪವಾಸ ಬಿಡುವ ಹೊತ್ತು ಆರು ಮೂವತ್ತಾರು ಎಂದಿರಬೇಕಿತ್ತು. ಆರು ಇಪ್ಪತ್ತಾರು ಎಂದು ಬಂದಿದೆ. ಮೊನ್ನೆ ಆ ದಿನವೇ ಮೋಡ ಕವಿದಿತ್ತು. ನೀವು ಊರು ಬಿಟ್ಟ ಮೇಲೆ ನಮ್ಮ ಗಲ್ಲಿಯ ಮಸೀದಿಯಲ್ಲಿ ಆಜಾನ್ ಕೂಗುವವನು ಬೀಗ ರಿಪೇರಿಯವನು. ನೀವಾದರೆ ಮೊದಲು ಮಾಳಿಗೆ ಹತ್ತಿ ಪಡುವಣಕ್ಕೆ ಕಣ್ಣು ಹಾಯಿಸಿ, ಆಮೇಲೆ ಕಾರ್ಡು ನೋಡುತ್ತಿದ್ದಿರಿ. ಅವನು ಕಾರ್ಡು ನೋಡಿದ, ಕೂಗಿದ. ಇಡೀ ಗಲ್ಲಿ ಖರ್ಜೂರ ಬಾಯಿಗಿಟ್ಟಿತು. ಹತ್ತು ನಿಮಿಷ ಮೊದಲೇ.

ಮರುದಿನ ಬೆಳಿಗ್ಗೆ ಅವನು ಕಾರ್ಡು ಹಿಡಿದುಕೊಂಡು ಅಚ್ಚುಕೂಟಕ್ಕೆ ಬಂದ. ಬೈಯುತ್ತಾನೆ ಎಂದುಕೊಂಡು ಎದ್ದು ನಿಂತೆ.

‘ಯಜಮಾನ್ರೇ, ಹತ್ತನೇ ದಿನ ಆರು ಮೂವತ್ತಾರು, ಹನ್ನೆರಡನೇ ದಿನ ಆರು ಮೂವತ್ತಾರು. ನಡುವೆ ಒಂದು ದಿನ ಸೂರ್ಯನಿಗೆ ಏನಾದ್ರೂ ಅವಸರದ ಕೆಲಸ ಇತ್ತಾ?’ ಎಂದ.

ಪುಸ್ತಕ ಹೊಲಿಯುತ್ತಿದ್ದ ಬೈಂಡರಮ್ಮ ಸೂಜಿ ಕೆಳಗಿಟ್ಟಳು. ಅವಳದೂ ಈಗ ನಲವತ್ತು ದಿನದ ಉಪವಾಸದ ಕಾಲ. ಈಸ್ಟರ್ ತನಕ ಮಾಂಸವಿಲ್ಲ, ಚಹಾ ಇಲ್ಲ. ಚಹಾ ಬಿಟ್ಟ ಮೇಲೆ ಅವಳ ಬಾಯಿ ಇನ್ನಷ್ಟು ಹರಿತವಾಗಿದೆ.

‘ಎಲ್ಲಾ ಬೀಗಕ್ಕೂ ಕೀಲಿ ಮಾಡ್ತೀಯಲ್ಲಪ್ಪಾ, ಕಿಟಕಿ ತೆಗೆದು ಒಂದ್ಸಲ ಆಕಾಶ ನೋಡೋಕೆ ನಿನಗೆ ಕೀಲಿ ಬೇಕಿತ್ತಾ?’ ಎಂದಳು.

ಅವನು ನಕ್ಕುಬಿಟ್ಟ. ‘ಅದೂ ಸರಿ ಅಕ್ಕಾ, ನನ್ನದೂ ತಪ್ಪಿದೆ’ ಎಂದು ಹೋದ. ನನಗೆ ನಗಲು ಆಗಲಿಲ್ಲ.

ಅವನು ಹೋದ ಮೇಲೆ ಅಚ್ಚುಮೊಳೆಗಳನ್ನಿಡುವ ಕೇಸು ತೆಗೆದು ನೋಡಿದೆ. ಮೂರರ ಅಂಕಿಯ ಮನೆಯಲ್ಲಿ ಎರಡರ ಅಂಕಿ ಬಿದ್ದಿದೆ. ಒಂದಲ್ಲ, ಏಳು. ಹಿಂದಿನ ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಅವುಗಳ ಮನೆಗೆ ಹಾಕಿದವನು ನಾನೇ. ನನ್ನವಳು ಹೋಗಿ ಹದಿನೈದು ದಿನ ಆಗಿತ್ತು. ಕೈ ಅಲ್ಲಿತ್ತು, ನಾನಿರಲಿಲ್ಲ.

ಹದಿನೈದು ವರ್ಷ ಈ ಕಾರ್ಡಿನ ಕರಡನ್ನು ನಾವು ಹೇಗೆ ನೋಡುತ್ತಿದ್ದೆವು ಎಂಬುದು ನಿಮಗೆ ಗೊತ್ತು. ಸಂಜೆ ನಮ್ಮ ಮನೆಯಲ್ಲಿ ಅವಳು ಮೂಲಪ್ರತಿ ಹಿಡಿದು ಒಂದೊಂದೇ ಹೊತ್ತು ಗಟ್ಟಿಯಾಗಿ ಓದುವುದು, ನಾನು ಕರಡಿನ ಮೇಲೆ ಬೆರಳಿಟ್ಟು ನೋಡುವುದು, ಕೊನೆಗೆ ನೀವು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡುವುದು. ಈ ವರ್ಷ ನಾನೇ ಓದಿದೆ, ನಾನೇ ನೋಡಿದೆ. ಒಬ್ಬನೇ ಓದಿ ಒಬ್ಬನೇ ನೋಡಿದರೆ, ಇರುವುದು ಕಾಣುವುದಿಲ್ಲ, ಇರಬೇಕಾದದ್ದು ಕಾಣುತ್ತದೆ.

ನಿಮ್ಮನ್ನು ಕೇಳಬೇಕಾದದ್ದು ಇಷ್ಟು. ಮತ್ತೊಬ್ಬರು ಹೇಳಿದ ಹೊತ್ತನ್ನು ನಂಬಿ, ಹೊತ್ತಿಗೆ ಮುಂಚೆ ಉಂಡವರ ಉಪವಾಸ ಏನಾಗುತ್ತದೆ? ಹೊತ್ತು ತಪ್ಪಿ ಹೇಳಿದವನಿಗೆ ಏನಾಗುತ್ತದೆ? ಉಂಡವರು ಅದನ್ನು ಮತ್ತೆ ಸರಿಪಡಿಸಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ?

ಅತ್ತಿಗೆಗೆ ನಮಸ್ಕಾರ.

ನಿಮ್ಮ
ಮೊಳೆ


ಮಾರ್ಚ್ ೨೩

ಪ್ರೀತಿಯ ಮೊಳೆ,

ಐದು ತಿಂಗಳ ಮೇಲೆ ಕಾಗದ, ಅದರಲ್ಲೂ ತಪ್ಪೊಪ್ಪಿಗೆ. ಇರಲಿ, ಅಕ್ಷರ ಮಾತ್ರ ಮೊದಲಿನ ಹಾಗೇ ಅಚ್ಚುಮೊಳೆಯಂತೆ ಗುಂಡಾಗಿದೆ, ನಿನಗೆ ಮೊಳೆ ಎಂದು ಸುಮ್ಮನೆ ಹೆಸರಿಟ್ಟಿಲ್ಲ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಅತ್ತಿಗೆಗೂ ಅರ್ಧ ಓದಿ ಹೇಳಿದೆ. ಸೂರ್ಯನಿಗೆ ಅವಸರದ ಕೆಲಸವಿತ್ತೇ ಎಂಬ ಮಾತು ಕೇಳಿ ಅವಳು ಒಲೆಯ ಮುಂದೆ ಕೂತಲ್ಲೇ ನಕ್ಕಳು.

ನಿನ್ನ ಪ್ರಶ್ನೆಗೆ ಉತ್ತರ. ನಾನು ಧರ್ಮಶಾಸ್ತ್ರ ಓದಿದವನಲ್ಲ, ಆದ್ದರಿಂದ ಇಲ್ಲಿನ ಮೌಲ್ವಿಗಳನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಉಪವಾಸವನ್ನು ಮರೆತು ಉಂಡವನದು ಮುರಿಯುವುದೇ ಇಲ್ಲ. ಅವನಿಗೆ ದೇವರೇ ಉಣಿಸಿದ ಎನ್ನುತ್ತಾರೆ. ಸೂರ್ಯ ಮುಳುಗಿದ ಎಂದು ನಂಬಿ ಮೊದಲೇ ಉಂಡವರಿಗೂ ಪಾಪವಿಲ್ಲ. ಹಬ್ಬ ಕಳೆದ ಮೇಲೆ ಆ ಒಂದು ದಿನದ ಬದಲಿಗೆ ಒಂದು ದಿನ ಹಿಡಿದರಾಯಿತು. ಅದೂ ಬೇಡ ಎನ್ನುವ ಹಿರಿಯರೂ ಇದ್ದಾರಂತೆ. ಗಲ್ಲಿಯವರು ಒಂದು ದಿನ ಹಿಡಿಯಲಿ, ಕೈಕಾಲು ಸವೆಯುವುದಿಲ್ಲ.

ಇನ್ನು ಹೊತ್ತು ತಪ್ಪಿ ಹೇಳಿದವನ ಮಾತು. ಕಣ್ತಪ್ಪಿನಿಂದ ಆದದ್ದಕ್ಕೆ ಯಾರೂ ಅವನನ್ನು ಹಿಡಿಯುವುದಿಲ್ಲ. ಬೇಕೆಂದೇ ಸುಳ್ಳು ಹೊತ್ತು ಹೇಳಿದವನಾದರೆ ಅದು ಬೇರೆ ಮಾತು, ಅವನು ಮೇಲಿನವನಿಗೆ ಉತ್ತರ ಹೇಳಿಕೊಳ್ಳಬೇಕು. ನಿನ್ನದು ಏಳು ಮೊಳೆಯ ತಪ್ಪು. ಅದಕ್ಕೆ ನರಕವನ್ನು ಯಾಕೆ ಅಳೆಯುತ್ತೀಯ?

ಕೊನೆಯ ಪ್ರಶ್ನೆ ಅರ್ಥವಾಗಲಿಲ್ಲ. ಸರಿಪಡಿಸಿಕೊಳ್ಳಲಾಗದ ಸ್ಥಿತಿ ಎಂದರೆ? ನಮ್ಮ ಗಲ್ಲಿಯ ಗಡಿಯಾರ ರಿಪೇರಿಯ ಮುದುಕ ಏನಾದರೂ ತೀರಿಕೊಂಡನೇ? ತೀರಿಕೊಂಡಿದ್ದರೆ ತಿಳಿಸು.

ಇಲ್ಲಿ ಹದಿನೆಂಟು ದಿನ ಕಳೆದವು. ಸಂಜೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಪಕ್ಕದ ಲಾರಿ ಕಚೇರಿಯ ಕಾವಲುಗಾರ ಮುದುಕನೂ ದಿನಾ ಬರುತ್ತಾನೆ. ಭಾರಿ ಮಾತುಗಾರ. ನನ್ನ ಕಿವಿಗೆ ಅವನ ಗಂಟಲೇ ಸರಿ.

ಭಾಯ್


ಏಪ್ರಿಲ್ ೧

ಮೊಳೆ,

ನಾನು ಬರೆದು ಒಂಬತ್ತು ದಿನ ಆಯಿತು. ಉತ್ತರವಿಲ್ಲ. ಮಗಳ ಕೈಲಿ ಅಚ್ಚುಕೂಟಕ್ಕೆ ಫೋನು ಮಾಡಿಸಿದೆ. ಬೈಂಡರಮ್ಮ ಎತ್ತಿಕೊಂಡಳಂತೆ. ‘ಇದ್ದಾರೆ, ಬರ್ತಾರೆ, ಹೋಗ್ತಾರೆ. ನನ್ನದು ಉಪವಾಸ ಅಂತ ನಾನು ಚಹಾ ಬಿಟ್ಟೆ. ಇವರು ಯಾವ ದೇವರಿಗೆ ಅಂತ ಊಟ ಬಿಟ್ಟಿದ್ದಾರೋ ಗೊತ್ತಿಲ್ಲ. ಡಬ್ಬಿ ತಂದ ಹಾಗೇ ವಾಪಸ್ ಹೋಗುತ್ತೆ’ ಎಂದಳಂತೆ.

ನಿನ್ನ ಕಾಗದವನ್ನು ಮತ್ತೆ ತೆಗೆದೆ. ಈ ಸಲ ಕಾಗದ ಎಂದು ಓದಲಿಲ್ಲ, ಕರಡು ಎಂದು ಓದಿದೆ. ಅಚ್ಚುಕೂಟದಲ್ಲಿ ಕರಡು ತಿದ್ದಿದ ಮೂವತ್ತು ವರ್ಷದ ಅಭ್ಯಾಸ. ಒಂದೊಂದೇ ಸಾಲಿಗೆ ಕಡ್ಡಿ ಇಟ್ಟುಕೊಂಡು ಬಂದರೆ ಕೊನೆಯ ಸಾಲು ಉಳಿದ ಕಾಗದಕ್ಕೆ ಹೊಂದುವುದಿಲ್ಲ. ಅದು ಬೇರೆ ಯಾವುದೋ ಪುಟದ್ದು, ಇಲ್ಲಿಗೆ ಬಂದು ಸೇರಿಕೊಂಡಿದೆ. ನೀನು ಗಲ್ಲಿಯ ಬಗ್ಗೆ ಕೇಳಲಿಲ್ಲ. ನಾನು ದೊಡ್ಡ ಮನುಷ್ಯನ ಹಾಗೆ ತೀರ್ಪು ಬರೆದು ಕಳಿಸಿದೆ. ಅದರಲ್ಲಿ ಯಾವುದೋ ಮಾತು ನಿನಗೆ ತಾಗಿದೆ. ಯಾವುದು ಎಂದು ನನಗೆ ಅನುಮಾನವಿದೆ.

ಯಾರಪ್ಪ ಆ ಸರಿಪಡಿಸಿಕೊಳ್ಳಲಾಗದವರು? ನಾನು ತಂಗಿ ಎಂದು ಕರೆಯುತ್ತಿದ್ದ ನಿನ್ನ ಹೆಂಡತಿಯೇ?

ಬಾಯಿ ಬಿಡು. ಹಬ್ಬಕ್ಕೆ ಮೂರು ನಾಲ್ಕು ದಿನವಿದೆ. ಅಷ್ಟರೊಳಗೆ ಅಂಚೆಗೆ ಹಾಕು.

ಭಾಯ್


ಏಪ್ರಿಲ್ ೪

ಭಾಯ್,

ಹೌದು, ಅವಳೇ.

ಡೈರಿಯಲ್ಲಿ ಕೂಡ ಇದನ್ನು ನಾನು ಬರೆದಿಲ್ಲ. ಆ ಮೂರು ದಿನಗಳ ಪುಟದಲ್ಲಿ ‘ಗಂಜಿ ಕುಡಿದಳು’ ಎಂದಷ್ಟೇ ಇದೆ.

ತಿಂಗಳಿಗೊಂದು ದಿನ ಅವಳು ಚಂದ್ರನನ್ನು ನೋಡಿಯೇ ಉಣ್ಣುತ್ತಿದ್ದದ್ದು ನಿಮಗೆ ಗೊತ್ತು. ನೀರು ಬಿಟ್ಟು ಬೇರೇನೂ ಇಲ್ಲ. ಚಂದ್ರ ಬರುವುದು ಆ ದಿನಗಳಲ್ಲಿ ಒಂಬತ್ತಕ್ಕೋ ಒಂಬತ್ತೂವರೆಗೋ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿದವಳಲ್ಲ. ಹೆರಿಗೆಯಾದ ತಿಂಗಳೂ ಬಿಡಲಿಲ್ಲ. ಎದೆಯ ಕಾಯಿಲೆ ಶುರುವಾದ ಮೇಲೆ ಡಾಕ್ಟರು, ‘ಎಂಟು ಗಂಟೆಯ ಮಾತ್ರೆ ತಪ್ಪಬಾರದು, ಖಾಲಿ ಹೊಟ್ಟೆಯಲ್ಲಿ ಕೊಡಬಾರದು’ ಎಂದರು. ಅವಳಿಗೆ ಹೇಳಿದೆ. ‘ನೋಡೋಣ’ ಎಂದಳು. ಅವಳ ‘ನೋಡೋಣ’ ಎಂದರೆ ಇಲ್ಲ ಎಂದೇ ಅರ್ಥ.

ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ನಾನೇ ಮಾಳಿಗೆಗೆ ಹೋಗಿ ನೋಡಿ ಬಂದು ಹೇಳಬೇಕಿತ್ತು. ಮೊದಲ ಸಲ ಎಂಟು ಗಂಟೆಗೆ ಹೋದೆ. ಆಕಾಶದಲ್ಲಿ ಏನೂ ಇರಲಿಲ್ಲ. ಕೆಳಗೆ ಬಂದು ‘ಚಂದ್ರ ಬಂದ’ ಎಂದೆ. ಅವಳು ಕೈ ಮುಗಿದಳು. ಗಂಜಿ ಕುಡಿದು ಮಾತ್ರೆ ನುಂಗಿದಳು. ಎರಡನೆಯ ತಿಂಗಳೂ ಹಾಗೇ. ಮೂರನೆಯ ತಿಂಗಳು ಮಾಳಿಗೆಗೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು ಒಳಗೆ ಬಂದು ಹೇಳಿದೆ. ಅದಾದ ಒಂಬತ್ತನೆಯ ದಿನ ಹೋಗಿಬಿಟ್ಟಳು.

ಮಂಚದ ಎದುರಿಗಿದ್ದ ಕ್ಯಾಲೆಂಡರನ್ನೂ ತೆಗೆದು ಅಡುಗೆಮನೆಯಲ್ಲಿ ಹಾಕಿದ್ದೆ, ಚಂದ್ರ ಹುಟ್ಟುವ ಹೊತ್ತು ಅದರಲ್ಲಿರುತ್ತದಲ್ಲ. ಅಷ್ಟು ಯೋಚಿಸಿಯೇ ಮಾಡಿದೆ. ಇದು ಏಳು ಮೊಳೆಯ ತಪ್ಪಲ್ಲ.

ಮೂವತ್ತು ವರ್ಷ ಹಿಡಿದ ವ್ರತವನ್ನು ಕೊನೆಯ ಮೂರು ತಿಂಗಳು ನಾನು ಕೆಡಿಸಿದೆ. ಅವಳಿಗೆ ಗೊತ್ತೂ ಇಲ್ಲ. ಗಲ್ಲಿಯವರಿಗಾದರೆ ಹಬ್ಬದ ಆಚೆ ಒಂದು ದಿನವಿದೆ. ಅವಳಿಗೆ ಆಚೆ ದಿನವಿಲ್ಲ. ಬೇಕೆಂದೇ ಹೇಳಿದವನು ಮೇಲಿನವನಿಗೆ ಉತ್ತರ ಹೇಳಬೇಕು ಎಂದು ನೀವು ಬರೆದದ್ದು ಸರಿಯಾಗಿದೆ. ಅವನಿಗೆ ಹೇಳುತ್ತೇನೆ, ಅದಕ್ಕೆ ಹೆದರಿಲ್ಲ. ಅವಳಿಗೆ ಏನು ಹೇಳಲಿ?

ನಿಮ್ಮ ಹಬ್ಬದ ಹೊತ್ತಿಗೆ ಇಂಥ ಕಾಗದ ಬರೆಯಬಾರದಿತ್ತು.

ಮೊಳೆ


ಏಪ್ರಿಲ್ ೯

ಮೊಳೆ,

ನಿನ್ನ ಕಾಗದ ಹಬ್ಬದ ಮರುದಿನ ಬಂತು. ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಎರಡು ದಿನ ಅಲ್ಲೇ ಇತ್ತು. ನಿನ್ನ ಅತ್ತಿಗೆ ಅಂಗಿ ಒಗೆಯಲು ಹಾಕುವಾಗ ಕಾಗದ ತೆಗೆದು, ‘ಇದೇನು, ಅರ್ಧ ಓದೋದು ಅರ್ಧ ಬಚ್ಚಿಡೋದು? ಪೂರ್ತಿ ಓದಿ’ ಎಂದಳು. ಓದಿದೆ. ಅವಳು ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಮುಖಕ್ಕೆ ಸೆರಗು ಹಿಡಿದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಲೂ ಇದ್ದಳು.

ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ‘ನಾನು ಹೇಳಿದ ಹಾಗೇ ಬರೀರಿ, ನಿಮ್ಮ ತಿದ್ದುಪಡಿ ಬೇಡ’ ಎನ್ನುತ್ತಿದ್ದಾಳೆ. ಇನ್ನು ಮುಂದೆ ಅವಳ ಮಾತು, ತಿದ್ದಿಲ್ಲ.

ಅಣ್ಣಾ, ನಾನು ಕೊನೇಲಿ ನಿಮ್ಮ ಮನೆಗೆ ಬಂದು ನಾಲ್ಕು ದಿನ ಇದ್ನಲ್ಲ, ಆಗ ನಿಮ್ಮವಳು ನನಗೆ ಇದನ್ನೆಲ್ಲ ಹೇಳಿದ್ಲು. ನೀವು ಮಾತ್ರೆ ತರೋಕೆ ಹೋಗಿದ್ರಿ. ‘ಅಕ್ಕಾ, ಇವರು ನನಗೆ ತಿಂಗಳಿಗೊಂದು ಸಲ ಸುಳ್ಳು ಚಂದ್ರನ್ನ ತೋರಿಸ್ತಾರೆ’ ಅಂದ್ಲು. ನನಗೆ ಅರ್ಥ ಆಗ್ಲಿಲ್ಲ. ‘ಎದುರಿಗೆ ಕ್ಯಾಲೆಂಡರ್ ಇತ್ತು. ಮೊಳೆ ಸಡಿಲ ಆಗಿದೆ, ತಲೆ ಮೇಲೆ ಬೀಳುತ್ತೆ ಅಂತ ತೆಗೆದ್ರು. ನೋಡಿ ಅಕ್ಕಾ, ಆ ಮೊಳೆ ಅಲ್ಲಾಡಿಸಿ ನೋಡಿ’ ಅಂದ್ಲು. ನಾನು ಎದ್ದು ಹೋಗಿ ಹಿಡಿದು ಎಳೆದೆ. ಗೋಡೆ ಬರಬೇಕು, ಮೊಳೆ ಬರಲ್ಲ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅವಳಿಗೆ ಕೆಮ್ಮು ಬಂತು.

ಹದಿನೈದು ವರ್ಷ ನಿಮಗೆ ಸೂರ್ಯ ಹುಟ್ಟೋ ಹೊತ್ತು ಮುಳುಗೋ ಹೊತ್ತು ಓದಿ ಹೇಳಿದೋಳಿಗೆ ಚಂದ್ರ ಎಷ್ಟೊತ್ತಿಗೆ ಬರ್ತಾನೆ ಅಂತ ಗೊತ್ತಿರಲ್ವಾ ಅಣ್ಣಾ? ‘ವರ್ಷದ ಮೊದಲ ದಿನಾನೇ ಹನ್ನೆರಡು ತಿಂಗಳದ್ದೂ ಓದಿ ಇಟ್ಕೊಂಡಿರ್ತೀನಿ, ಬಾಯಿಪಾಠ’ ಅಂದ್ಲು.

‘ಗೊತ್ತಿದ್ದೂ ಯಾಕೆ ಉಂಡೆ ಮಾರಾಯ್ತಿ?’ ಅಂದೆ.

‘ಹಸಿವಾಗಿತ್ತಕ್ಕಾ. ಇಷ್ಟು ವರ್ಷ ಆಗದ ಹಸಿವು. ಈ ಕಾಯಿಲೆ ಬಂದ ಮೇಲೆ ನನಗೆ ಕಾಯೋಕೆ ಆಗ್ತಿರಲಿಲ್ಲ. ಬಿಡ್ತೀನಿ ಅಂತ ಬಾಯಿಬಿಟ್ಟು ಹೇಳೋಕೂ ಮನಸ್ಸು ಬರ್ತಿರಲಿಲ್ಲ. ಎಂಟು ಗಂಟೆಗೆ ಇವರು ಬಟ್ಟಲು ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಲ್ತಾರೆ. ಸುಳ್ಳು ಹೇಳಿದ್ರೆ ಇವರ ಕಿವಿ ಕೆಂಪಗಾಗುತ್ತೆ, ಮದುವೆಯಾದ ದಿನದಿಂದ ಗೊತ್ತು. ನೋಡಿ ಉಣ್ಬೇಕು ತಾನೇ? ಆ ಕಿವಿ ನೋಡಿ ಉಂಡೆ’ ಅಂದ್ಲು.

ದೇವರಿಗೆ ಏನಂದೆ ಅಂತ ಕೇಳಿದೆ. ‘ಕೈ ಮುಗಿದು, ಇದು ಕಾಯಿಲೆಯೋಳ ಊಟ, ಲೆಕ್ಕಕ್ಕೆ ತಗೋಬೇಡ ಅಂದೆ. ನಿಮ್ಮಲ್ಲಿ ಹೇಗೆ?’ ಅಂದ್ಲು. ನಮ್ಮಲ್ಲೂ ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಬಲವಂತ ಇಲ್ಲ ಅಂದೆ. ‘ಹಾಗಾದ್ರೆ ನಿಮ್ಮ ದೇವರೂ ನಮ್ಮ ದೇವರೂ ಒಬ್ಬನೇ ಡಾಕ್ಟರ ಹತ್ರ ಕೇಳಿರಬೇಕು’ ಅಂದ್ಲು.

ನಿಮಗೆ ಹೇಳಬೇಡ ಅಂತ ನನ್ನ ಕೈಲಿ ಮಾತು ತಗೊಂಡ್ಲು. ‘ನನಗೆ ಗೊತ್ತು ಅಂತ ಗೊತ್ತಾದ್ರೆ ಮುಂದಿನ ತಿಂಗಳು ಅವರಿಂದ ಸುಳ್ಳು ಹೇಳೋಕಾಗಲ್ಲ. ಆಗ ನಾನು ನಿಜವಾಗ್ಲೂ ಒಂಬತ್ತೂವರೆ ತನಕ ಕಾಯ್ಬೇಕಾಗುತ್ತೆ’ ಅಂದ್ಲು. ಮುಂದಿನ ತಿಂಗಳು ಬರಲೇ ಇಲ್ಲ. ಕೊಟ್ಟ ಮಾತು ಅಂತ ನಾನು ಬಾಯಿ ಮುಚ್ಕೊಂಡೇ ಇದ್ದೆ. ನೀವು ಇಲ್ಲಿ ತನಕ ಇದನ್ನೇ ಹೊತ್ಕೊಂಡು ತಿರುಗ್ತಿದ್ದೀರಿ ಅಂತ ನನಗೇನು ಗೊತ್ತು? ಈಗ ಮಾತು ಮುರೀತಿದ್ದೀನಿ. ಅವಳು ಬೈಯಲ್ಲ.

ಇಲ್ಲಿಗೆ ಅವಳ ಮಾತು ಮುಗಿಯಿತು ಎಂದುಕೊಂಡೆ. ಇಲ್ಲ. ‘ನಿಮ್ಮದನ್ನೂ ಬರೀರಿ’ ಎನ್ನುತ್ತಿದ್ದಾಳೆ. ‘ನಾನು ಬರೆಯಲ್ಲ’ ಎಂದರೆ ‘ಮಗಳ ಕೈಲಿ ಬರೆಸ್ತೀನಿ’ ಎನ್ನುತ್ತಾಳೆ. ಬರೆಯುತ್ತೇನೆ.

ಮೊಳೆ, ಈ ವರ್ಷ ನಾನು ಒಂದು ರೋಜಾವನ್ನೂ ಹಿಡಿದಿಲ್ಲ. ಸಕ್ಕರೆ ಕಾಯಿಲೆ ಏರಿದೆ, ಕಾಲು ಮರಗಟ್ಟುತ್ತದೆ. ಡಾಕ್ಟರು ಬೇಡವೇ ಬೇಡ ಎಂದರು. ಮುಂದೆಯೂ ಹಿಡಿಯುವ ಹಾಗಿಲ್ಲ. ಅಂಥವರು ಬಿಟ್ಟ ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ ಕೊಡಬೇಕೆಂದು ನಮ್ಮಲ್ಲಿ ಇದೆ. ಲಾರಿ ಕಚೇರಿಯ ಮುದುಕ ದಿನಾ ಬರುತ್ತಿದ್ದದ್ದು ಅದಕ್ಕೇ. ‘ಇಲ್ಲಿ ಹದಿನೆಂಟು ದಿನ ಕಳೆದವು’ ಎಂದು ಬರೆದೆನಲ್ಲ, ನೀನು ಹದಿನೆಂಟು ಉಪವಾಸ ಎಂದು ಓದಿಕೊಳ್ಳಲಿ ಎಂದೇ ಹಾಗೆ ಬರೆದೆ. ಮೂವತ್ತು ವರ್ಷ ಆಜಾನ್ ಕೂಗಿದವನು ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಾನೆ ಎಂದು ಬರೆಯಲು ನಾಚಿಕೆಯಾಯಿತು.

ನಿನಗೆ ‘ಮೇಲಿನವನಿಗೆ ಉತ್ತರ ಹೇಳು’ ಎಂದು ಬರೆದ ಆ ಕೈಗೆ ಅನ್ನದ ವಾಸನೆಯಿತ್ತು. ಆ ಸಾಲನ್ನು ಹೊಡೆದುಹಾಕು. ಕರಡಿನಲ್ಲಿ ಬೇಡದ್ದನ್ನು ತೆಗೆಯುವ ಗುರುತು ನಿನಗೆ ಗೊತ್ತಲ್ಲ, ಅದನ್ನೇ ಹಾಕು.

ಭಾಯ್


ಏಪ್ರಿಲ್ ೨೨

ಭಾಯ್, ಅತ್ತಿಗೆ,

ನಿಮ್ಮ ಕಾಗದ ಬಂದಾಗ ನಾನು ಕೇಸಿನ ಮುಂದೆ ನಿಂತಿದ್ದೆ. ಅಲ್ಲೇ ಓದಿದೆ. ಕೈಯಲ್ಲಿದ್ದ ಮೊಳೆಗಳನ್ನು ಕೆಳಗಿಟ್ಟು ಮತ್ತೆ ಓದಿದೆ. ಬೈಂಡರಮ್ಮ ಗಾಬರಿಯಾಗಿ ‘ಏನಾಯ್ತು, ಯಾರಿಗೇನಾಯ್ತು?’ ಎಂದಳು. ಅವಳ ಕೈಗೇ ಕಾಗದ ಕೊಟ್ಟೆ. ಓದಿ ಮಡಿಸಿ ಕೊಟ್ಟು, ‘ಗಂಡಸರಿಗೆ ಸುಳ್ಳು ಹೇಳೋಕೆ ಬರುತ್ತೆ ಅಂತ ಗಂಡಸರು ಮಾತ್ರ ಅಂದ್ಕೊಂಡಿರ್ತಾರೆ’ ಎಂದಳು. ಆಮೇಲೆ ತನ್ನ ಡಬ್ಬಿ ತೆಗೆದು ಅರ್ಧ ನನ್ನ ಮುಂದಿಟ್ಟಳು. ಬೇಡ ಎನ್ನಲಿಲ್ಲ.

ಮನೆಗೆ ಬಂದು ಮೊದಲು ಗೋಡೆಯ ಆ ಮೊಳೆಯನ್ನು ಅಲ್ಲಾಡಿಸಿ ನೋಡಿದೆ. ಅತ್ತಿಗೆ ಹೇಳಿದ್ದು ನಿಜ. ಈ ವರ್ಷದ ಕ್ಯಾಲೆಂಡರನ್ನು ಅಡುಗೆಮನೆಯಿಂದ ತಂದು ಅಲ್ಲೇ ತೂಗುಹಾಕಿದೆ.

ಭಾಯ್, ನಿಮ್ಮ ಸಾಲನ್ನು ಹೊಡೆದುಹಾಕಿದ್ದೇನೆ. ಅದರ ಜೊತೆ ‘ನಾಚಿಕೆಯಾಯಿತು’ ಎಂಬುದನ್ನೂ ಹೊಡೆದಿದ್ದೇನೆ. ಉಳಿದದ್ದು ಸರಿಯಾಗಿದೆ. ಮಧ್ಯಾಹ್ನದ ಊಟವನ್ನು ಮೂಲೆಯಲ್ಲಿ ಕೂತು ಮಾಡಬೇಡಿ, ನಡುಮನೆಯಲ್ಲಿ ಕೂತು ಮಾಡಿ. ಲಾರಿ ಕಚೇರಿಯ ಅಜ್ಜನಿಗೆ ನನ್ನ ನಮಸ್ಕಾರ ಹೇಳಿ. ಅವನು ಗಟ್ಟಿಯಾಗಿ ಓದಬಲ್ಲನಾದರೆ ಮುಂದಿನ ವರ್ಷದ ಕರಡನ್ನು ನಿಮಗೇ ಕಳಿಸುತ್ತೇನೆ.

ಕೇಸನ್ನು ಪೂರ್ತಿ ಖಾಲಿ ಮಾಡಿ ಒಂದೊಂದೇ ಮೊಳೆಯನ್ನು ನೋಡಿ ಮತ್ತೆ ತುಂಬಿದೆವು. ಬೈಂಡರಮ್ಮ ಅಂಕಿ ಕೂಗುವುದು, ನಾನು ನೋಡುವುದು. ಮೂರರ ಮನೆಯಲ್ಲಿ ಈಗ ಮೂರೇ ಇದೆ. ಅವಳ ನಲವತ್ತು ದಿನವೂ ಮುಗಿಯಿತು. ಮೊದಲ ಲೋಟ ಚಹಾ ಕುಡಿದು ಕಣ್ಣು ಮುಚ್ಚಿ ಐದು ನಿಮಿಷ ಮಾತಾಡಲಿಲ್ಲ. ಅದಕ್ಕಿಂತ ದೊಡ್ಡ ಪವಾಡವನ್ನು ನಾನು ಕಂಡಿಲ್ಲ.

ಗಲ್ಲಿಯವರು ಹೋದ ಸೋಮವಾರ ಆ ಒಂದು ದಿನದ ಬದಲಿ ರೋಜಾ ಹಿಡಿದರು. ನಾನೂ ಹಿಡಿದೆ. ಬೀಗದವನಿಗೆ ಹೇಳಿರಲಿಲ್ಲ. ಬೈಂಡರಮ್ಮ ಹೇಳಿಬಿಟ್ಟಿದ್ದಳು. ಸಂಜೆ ಅವನು ಮಾಳಿಗೆಯ ಮೇಲಿಂದ ನನ್ನನ್ನು ಕರೆದ. ‘ಬನ್ನಿ ಯಜಮಾನ್ರೇ, ಇವತ್ತು ನಿಮ್ಮ ಕಾರ್ಡೂ ಬೇಡ, ನನ್ನ ಗಡಿಯಾರಾನೂ ಬೇಡ. ಇಬ್ಬರೂ ಕಣ್ಣಾರೆ ನೋಡೋಣ’ ಎಂದ. ನೋಡಿದೆವು. ಸೂರ್ಯ ನಿಧಾನವಾಗಿ ಹೋದ, ಯಾವ ಅವಸರವೂ ಇರಲಿಲ್ಲ. ಪೂರ್ತಿ ಮುಳುಗಿದ ಮೇಲೂ ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದ ಮೇಲೆ ಕೂಗಿದ. ಖರ್ಜೂರ ಕೊಟ್ಟರು. ಇಡೀ ದಿನದ ಹಸಿವಿನ ಮೇಲೆ ಒಂದು ಖರ್ಜೂರ ಏನು ಎಂದು ಅವತ್ತು ತಿಳಿಯಿತು. ನನ್ನವಳ ಗಂಜಿಯೂ ಹಾಗೇ ಇದ್ದಿರಬೇಕು.

ನಿನ್ನೆ ಅವಳ ಚಂದ್ರನ ದಿನ. ಕ್ಯಾಲೆಂಡರಿನಲ್ಲಿ ಒಂಬತ್ತು ಇಪ್ಪತ್ತು ಎಂದಿತ್ತು. ಬೆಳಿಗ್ಗೆಯಿಂದ ಏನೂ ತಿನ್ನದೆ ಇದ್ದೆ, ವ್ರತವೆಂದಲ್ಲ, ಅವಳಿಗೆ ಜೊತೆ ಎಂದು. ಅನ್ನ ಮಾಡಿ ಮುಚ್ಚಿಟ್ಟು ಎಂಟು ಗಂಟೆಗೆ ಮಾಳಿಗೆಗೆ ಹೋದೆ. ಮೋಡ. ಮೋಡ ಇಲ್ಲದಿದ್ದರೂ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಕೆಳಗೆ ಬಂದು ಬಾಗಿಲಲ್ಲಿ ನಿಂತು, ಮಂಚದ ಕಡೆ ನೋಡಿ ‘ಚಂದ್ರ ಬಂದ’ ಎಂದೆ.

ಕಿವಿ ಮುಟ್ಟಿಕೊಂಡೆ. ಬಿಸಿಯಾಗಿತ್ತು.

ಕೂತು ಉಂಡೆ, ಎರಡು ಸಲ ಬಡಿಸಿಕೊಂಡು.

ನಿಮ್ಮ
ಮೊಳೆ